ಎಡಭುಜದ ಪ್ರಸ್ತಾವನೆ

ಬಸ್ಸು ನಿಲ್ದಾಣದಲ್ಲಿ ನಿಂತ ಜನ ಬಸ್ಸು ಬರುವ ದಾರಿ ನೋಡುತ್ತಾರೆ. ಟೇಪು ಮೇಷ್ಟ್ರು ನಿಂತ ಜನರ ಭುಜ ನೋಡುತ್ತಿದ್ದರು. ಹೀಗೆ ನೋಡುತ್ತ ನೋಡುತ್ತ ತಪ್ಪಿಸಿಕೊಂಡ ಬಸ್ಸುಗಳಿಗೆ ಲೆಕ್ಕವಿಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿ ಲೆಕ್ಕ ಇಡಲು ನೋಡಿದ್ದುಂಟು. ಮೊದಲ ಚಳಿಗಾಲ ಮುಗಿಯುವಷ್ಟರಲ್ಲಿ ಅವಳೂ ಕೈಬಿಟ್ಟಳು.

ಹೊಲಿಗೆ ತರಬೇತಿ ಸಂಸ್ಥೆಯೊಂದರಲ್ಲಿ ಇಪ್ಪತ್ತೊಂದು ವರ್ಷದಿಂದ ಅವರು ಬಟ್ಟೆ ಕತ್ತರಿಸುವುದನ್ನು ಕಲಿಸುತ್ತಿದ್ದರು. ಅದಕ್ಕೂ ಮೊದಲು ಹತ್ತು ವರ್ಷ ಕೋಟಿನ ಅಂಗಡಿಯಲ್ಲಿ ಕೆಲಸ. ಅಳತೆಯ ಟೇಪು ಕೊರಳಲ್ಲಿ ಸದಾ ಇರುತ್ತಿದ್ದುದರಿಂದ ಆ ಹೆಸರು. ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗ ಡಾಕ್ಟರೇ ಅದನ್ನು ತೆಗೆದು ಪಕ್ಕಕ್ಕಿಟ್ಟರಂತೆ. ಮೇಷ್ಟ್ರು ಬಾಯಿ ತೆರೆದುಕೊಂಡೇ ಡಾಕ್ಟರ ಬಲಭುಜ ಎಷ್ಟು ಮೇಲೆದ್ದಿದೆ ಎಂದು ಅಂದಾಜು ಮಾಡುತ್ತಿದ್ದರಂತೆ. ಮುಕ್ಕಾಲು ಇಂಚು.

ಮೂವತ್ತೊಂದು ವರ್ಷದ ಕಸುಬಿನಲ್ಲಿ ಅವರಿಗೆ ಖಚಿತವಾಗಿದ್ದ ಸಂಗತಿ ಒಂದೇ: ಎರಡು ಭುಜವೂ ಸಮವಾಗಿರುವ ಮನುಷ್ಯನನ್ನು ದೇವರು ಇನ್ನೂ ಹೊಲಿದಿಲ್ಲ. ಅಂಚೆಯವರ ಭುಜ ಚೀಲದ ಕಡೆಗೆ ವಾಲುತ್ತದೆ. ಕ್ಷೌರಿಕರದು ಕತ್ತರಿ ಹಿಡಿದ ಕಡೆ ಏಳುತ್ತದೆ. ಕಚೇರಿಯವರಿಗೆ ಎರಡೂ ಮುಂದಕ್ಕೆ ಬಂದು, ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಎನ್ನುವ ನೆಂಟರ ಹಾಗಿರುತ್ತವೆ. ಇದನ್ನೆಲ್ಲ ಗಿರಾಕಿಗೆ ಹೇಳುವಂತಿಲ್ಲ. ತಗ್ಗಿದ ಕಡೆ ಒಂದು ಪದರ ಹತ್ತಿ ಹೆಚ್ಚಿಗೆ ಇಟ್ಟು ಬಾಯಿ ಹೊಲಿದುಕೊಳ್ಳುವುದು ದರ್ಜಿಯ ಧರ್ಮ. ಕನ್ನಡಿಯ ಮುಂದೆ ನಿಂತ ಗಿರಾಕಿ ತಾನೇ ನೆಟ್ಟಗಿದ್ದೇನೆಂದುಕೊಂಡು ಹೋಗುತ್ತಾನೆ. ನಮ್ಮಲ್ಲಿ ಎಷ್ಟು ಜನ ಹೀಗೆ ಯಾರೋ ಇಟ್ಟ ಹತ್ತಿಯ ಮೇಲೆ ನೆಟ್ಟಗೆ ನಡೆಯುತ್ತಿದ್ದೇವೋ, ಬಲ್ಲವರು ಹೇಳುವುದಿಲ್ಲ.

ಮೇಷ್ಟ್ರ ತಲೆ ಕೊರೆಯುತ್ತಿದ್ದುದು ಅದರ ಮುಂದಿನ ಪ್ರಶ್ನೆ. ಕೆಲಸ ಭುಜವನ್ನು ಬಗ್ಗಿಸುತ್ತದೋ, ಇಲ್ಲಾ ಮೊದಲೇ ಬಗ್ಗಿದ ಭುಜ ತನಗೆ ತಕ್ಕ ಕೆಲಸ ಹುಡುಕಿಕೊಂಡು ಹೋಗುತ್ತದೋ? ಮನೆಯಲ್ಲಿ ಇದನ್ನು ಎತ್ತಿದರೆ, ನ್ಯಾಯಾಲಯದಲ್ಲಿ ಬೆರಳಚ್ಚು ಮಾಡುವ ಹೆಂಡತಿ, “ಎರಡೂ ಕಡೆಯವರು ಮುಂದಿನ ತಿಂಗಳು ಹಾಜರಾಗಲಿ” ಎಂದು ತಟ್ಟೆ ತೊಳೆಯಲು ಏಳುತ್ತಿದ್ದಳು. ಎಪ್ಪತ್ತೆಂಟರ ಅಮ್ಮ, ತನ್ನ ಕಾಲದಲ್ಲಿ ನಲವತ್ತು ವರ್ಷ ಮನೆಯಲ್ಲೇ ಕೂತು ಅಂಗಡಿಗಳಿಗೆ ಗುಂಡಿಯ ಕಾಜ ಹೊಲಿದುಕೊಟ್ಟವಳು, “ಅಜ್ಜಿಗೆ ಅರಿವೆ ಚಿಂತೆ, ನಿನಗೆ ಅದರೊಳಗಿರೋರ ಚಿಂತೆ” ಎನ್ನುತ್ತಿದ್ದಳು.

ಕೊನೆಗೆ ಮೇಷ್ಟ್ರು ಸಂಶೋಧನೆಗೆ ಹೆಸರು ನೋಂದಾಯಿಸಿದರು. ಅಂಚೆ ಶಿಕ್ಷಣದಲ್ಲಿ ಒಂದೊಂದೇ ಪದವಿ ಮುಗಿಸಿಕೊಂಡು ಬಂದವರಿಗೆ ಇದೂ ಒಂದು ಕೋಟು, ಅಳತೆ ಗೊತ್ತಿದ್ದರೆ ಆಯಿತು ಎಂಬ ಧೈರ್ಯ. ಆ ಧೈರ್ಯ ಪ್ರಸ್ತಾವನೆ ಎಂಬ ಎರಡು ಪುಟದ ಕಾಗದದ ಎದುರು ಬಂದು ಕುಸಿದು ಕೂತಿತು. ಇನ್ನೂರು ಪುಟದ ಪ್ರಬಂಧ ಬರೆಯುವ ಮೊದಲು, ಏನು ಬರೆಯುತ್ತೇನೆ, ನನಗಿಂತ ಮೊದಲು ಯಾರು ಏನು ಬರೆದಿದ್ದಾರೆ, ಅವರು ಬಿಟ್ಟದ್ದೇನು ಎಂದು ಎರಡು ಪುಟದಲ್ಲಿ ಹೇಳಬೇಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಕೇಳಿದ್ದೇವೆ. ಇಲ್ಲಿ ದೊಣ್ಣೆಗೇ ವರುಷ ಹಿಡಿಯಿತು.

ಅವರ ಮಾರ್ಗದರ್ಶಕಿ ಅವರಿಗಿಂತ ಏಳು ವರ್ಷ ಚಿಕ್ಕವರು, ಉಡುಪು ವಿಜ್ಞಾನದ ಪ್ರಾಧ್ಯಾಪಕಿ. ಮೇಷ್ಟ್ರ ಅಮ್ಮ ಇಟ್ಟ ಹೆಸರು ಗೈಡಮ್ಮ. ಮೊದಲ ದಿನ ಅವರು ಕೋಣೆಯೊಳಗೆ ಬಂದು ಚೀಲ ಇಳಿಸುವ ಹೊತ್ತಿಗೇ ಮೇಷ್ಟ್ರ ಕಣ್ಣು ಅಳೆದು ಮುಗಿಸಿತ್ತು: ಎಡಭುಜ ಅರ್ಧ ಇಂಚು ತಗ್ಗು. ಧರ್ಮಕ್ಕೆ ಕಟ್ಟುಬಿದ್ದು ಸುಮ್ಮನಿದ್ದರು.

ಮೊದಲ ಸಲದ ಪ್ರಸ್ತಾವನೆಯಲ್ಲಿ ಮೇಷ್ಟ್ರು ಉತ್ತರದಿಂದಲೇ ಶುರು ಮಾಡಿದ್ದರು: ಕೆಲಸವೇ ಭುಜವನ್ನು ಬಗ್ಗಿಸುತ್ತದೆ, ಇದು ಸಿದ್ಧ. ಗೈಡಮ್ಮ ಅದನ್ನು ಓದಿ, ಇದು ಆಗಲೇ ಗೊತ್ತಿದ್ದರೆ ಮೂರು ವರ್ಷ ಯಾಕೆ ಕಷ್ಟಪಡುತ್ತೀರಿ ಎಂದರು. ನಿಮಗೆ ಗೊತ್ತಿಲ್ಲದ್ದೇನು, ಅದನ್ನು ಬರೆದುಕೊಂಡು ಬನ್ನಿ ಎಂದರು. ತನಗೆ ಗೊತ್ತಿಲ್ಲದ್ದನ್ನು ಬರೆಯುವುದು ಮೇಷ್ಟ್ರೆಂದು ಕರೆಸಿಕೊಂಡವನಿಗೆ ಎಂಥ ಕಷ್ಟವೆಂದು ಆ ಕಸುಬಿನವರನ್ನೇ ಕೇಳಬೇಕು. ಒಂದು ಸಾಲು ಬರೆಯಲು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಪ್ರಸ್ತಾವನೆಗಳನ್ನು ಒಪ್ಪುವ ಸಮಿತಿಯ ಸಭೆ ಮುಗಿದೇ ಹೋಗಿತ್ತು.

ಎರಡನೆಯ ಸಲ ಪ್ರಶ್ನೆ ಸರಿಯಾಗಿ ಬಂತು, ಪೂರ್ವ ಅಧ್ಯಯನಗಳ ಸಮೀಕ್ಷೆ ಕೈಕೊಟ್ಟಿತು. ಗ್ರಂಥಾಲಯದಿಂದ ಹದಿನೇಳು ಪುಸ್ತಕ ತಂದು ಮೇಷ್ಟ್ರು ತಮಗೆ ಒಗ್ಗಿದ ರೀತಿಯಲ್ಲೇ ಬರೆದರು. ಒಂದು ಪುಸ್ತಕಕ್ಕೆ ಒಂದು ಗೆರೆ. ಹೆಸರು, ಎಷ್ಟು ಪುಟ, ಎಷ್ಟು ಅಧ್ಯಾಯ, ರಟ್ಟಿನ ಬಣ್ಣ, ವಾಪಸು ಕೊಡಬೇಕಾದ ತಾರೀಖು. ಮೊದಲಿನವರು ಬಿಟ್ಟದ್ದನ್ನು ತೋರಿಸಬೇಕಾದ ‘ಅಂತರ’ ಎಂಬ ಕಲಮಿನ ಎದುರು ಹೆಮ್ಮೆಯಿಂದ, “ಎಲ್ಲೂ ಇಲ್ಲ” ಎಂದು ಬರೆದರು. ಮೂವತ್ತೊಂದು ವರ್ಷದಲ್ಲಿ ತಮ್ಮ ಕೆಲಸದಲ್ಲಿ ಅಂತರ ಬಿಟ್ಟು ಮಾತು ಕೇಳಿಸಿಕೊಂಡವರಲ್ಲ ಅವರು.

ಗೈಡಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಮೇಷ್ಟ್ರೇ, ಇದು ಸಮೀಕ್ಷೆ ಅಲ್ಲ, ಆರ್ಡರ್ ಬುಕ್ಕು. ಹದಿನೇಳು ಜನಾನ ಒಂದೇ ಕೋಣೇಲಿ ಕೂರಿಸಿದೀರಿ, ಒಬ್ಬರೂ ಇನ್ನೊಬ್ಬರ ಹತ್ರ ಮಾತಾಡ್ತಿಲ್ಲ. ಇವರು ಹೇಳಿದ್ದಕ್ಕೆ ಅವರು ಏನಂದ್ರು? ಯಾರು ಯಾವುದನ್ನ ನೋಡಲೇ ಇಲ್ಲ? ಅದು ಬೇಕು.”

ಅದೂ ವಾಪಸು ಬಂತು. ಮೂರನೆಯ ಸಲ ಕೊನೆಯದು. ಬರುವ ಶುಕ್ರವಾರ ಸಂಜೆ ಐದರೊಳಗೆ ಮಾರ್ಗದರ್ಶಕರ ಸಹಿಯಿರುವ ಪ್ರಸ್ತಾವನೆ ಕಚೇರಿ ತಲುಪದಿದ್ದರೆ ಹೆಸರು ತೆಗೆದುಹಾಕುತ್ತಾರೆ. ಮುಂದಿನ ವರ್ಷ ಹೊಸದಾಗಿ ನೋಂದಾಯಿಸೋಣವೆಂದರೆ ಐವತ್ತು ದಾಟಿದವರಿಗೆ ಅವಕಾಶವಿಲ್ಲ. ಮೇಷ್ಟ್ರಿಗೆ ನಲವತ್ತೊಂಬತ್ತು ವರ್ಷ ಹತ್ತು ತಿಂಗಳು. ಪ್ರಶ್ನೆ ಹೊಟ್ಟೆಯಲ್ಲೇ ಉಳಿದುಬಿಡುತ್ತದಲ್ಲ ಎಂಬುದೊಂದೇ ಅವರ ಸಂಕಟ.

ಶನಿವಾರ ಗೈಡಮ್ಮ ಬೀರುವಿನಿಂದ ದಪ್ಪನೆಯ ಕಂದು ರಟ್ಟಿನ ಪುಸ್ತಕವೊಂದನ್ನು ತೆಗೆದು ಕೊಟ್ಟರು. ಹದಿನಾರು ವರ್ಷದ ಹಿಂದೆ ಅವರೇ ಬರೆದ ಪ್ರಬಂಧ: ಕಾರ್ಖಾನೆಯ ಕೆಲಸಗಾರರ ಅಳತೆ ತೆಗೆದು ಸಮವಸ್ತ್ರಕ್ಕೆ ಗಾತ್ರಗಳನ್ನು ಗೊತ್ತುಮಾಡಿದ್ದು. ಯಾವ ಭಾಗ ಎಲ್ಲಿ ಬಂದಿದೆ, ಯಾಕೆ ಬಂದಿದೆ, ಒಂದರಿಂದ ಇನ್ನೊಂದಕ್ಕೆ ಹೇಗೆ ದಾಟಿದೆ, ಅಷ್ಟು ನೋಡಿ ಸಾಕು ಎಂದರು. ಗ್ರಂಥಾಲಯದ ಪ್ರತಿಯನ್ನು ಗೆದ್ದಲು ಓದಿ ಮುಗಿಸಿದೆ, ಉಳಿದಿರುವುದು ಇದೊಂದೇ, ಸೋಮವಾರ ವಾಪಸು ಬೇಕು ಎಂದೂ ಹೇಳಿದರು.

ಮೇಷ್ಟ್ರು ಭಾನುವಾರ ಮಧ್ಯಾಹ್ನ ಊಟದ ಮೇಜನ್ನು ಒರೆಸಿ, ಪುಸ್ತಕವನ್ನು ಮಧ್ಯದಲ್ಲಿಟ್ಟು, ಕನ್ನಡಕ ಏರಿಸಿ ಕೂತರು. ಮೊದಲಿಂದ ಓದಿದರು, ಕೊನೆಯಿಂದ ಓದಿದರು. ಪುಸ್ತಕ ಅಂಗೈಯಲ್ಲಿ ನಿಲ್ಲದೆ ಟಪ್ಪನೆ ಮುಚ್ಚಿಕೊಳ್ಳುತ್ತಿತ್ತು. ನಾಲ್ಕನೆಯ ಅಧ್ಯಾಯಕ್ಕೆ ಬರುವಾಗ ಎರಡನೆಯದು ಮರೆತಿರುತ್ತಿತ್ತು. ತೊಟ್ಟುಕೊಂಡವರ ಮೈಮೇಲಿನ ಕೋಟನ್ನು ಕಿಟಕಿಯಿಂದ ನೋಡಿ ಹೊಲಿಯೆಂದರೆ ಯಾರಿಗೆ ಸಾಧ್ಯ?

ಆಗ ಅವರ ಕೈ, ಅವರನ್ನು ಕೇಳದೆಯೇ, ಸೂಜಿ ಡಬ್ಬಿಗೆ ಹೋಯಿತು.

ಇದನ್ನು ತಿಳಿಯಬೇಕಾದರೆ ಆ ಮನೆಯ ಒಂದು ಪದ್ಧತಿ ಗೊತ್ತಿರಬೇಕು. ಅಲ್ಲಿ ಹೊಲಿಗೆಯ ಪಾಠ ಶುರುವಾಗುವುದು ಬಿಚ್ಚುವುದರಿಂದ. ಅಮ್ಮ ಮಗನಿಗೆ ಮೊದಲು ಕೊಟ್ಟದ್ದು ಹೊಸ ಬಟ್ಟೆಯನ್ನಲ್ಲ, ಒಳ್ಳೆಯ ಕೈಯವರು ಹೊಲಿದ ಹಳೆಯ ಕೋಟು. ಒಂದು ದಾರವೂ ಬಟ್ಟೆ ಕಚ್ಚದ ಹಾಗೆ ಬಿಚ್ಚಿ, ತುಂಡುಗಳನ್ನು ಸಾಲಾಗಿ ಇಟ್ಟು, ಕಾಗದದ ಮೇಲೆ ಗೆರೆ ಎಳೆದು, ಆಮೇಲೆ ಬಿಚ್ಚಿದ್ದು ಯಾರಿಗೂ ಗೊತ್ತಾಗದಂತೆ ಮತ್ತೆ ಹೊಲಿದಿಡಬೇಕು. “ಹೊರಗಿನ ಬಣ್ಣ ಬಿಸಿಲು ತಿಂದಿರುತ್ತೆ, ನಿಜವಾದ ಬಣ್ಣ ಹೊಲಿಗೆ ಒಳಗೆ ಅವಿತಿರುತ್ತೆ” ಎಂಬುದು ಅವಳ ಮಾತು. ಮೇಷ್ಟ್ರು ಸಂಸ್ಥೆಯಲ್ಲೂ ಹೀಗೇ ಕಲಿಸುತ್ತಿದ್ದರು. ಬೇರೆ ಯಾವ ರೀತಿಯಲ್ಲೂ ಅವರು ಜೀವನದಲ್ಲಿ ಏನನ್ನೂ ಕಲಿತಿರಲಿಲ್ಲ.

ಹೆಂಡತಿ ಒಣಗಿದ ಬಟ್ಟೆ ಎತ್ತಿಕೊಂಡು ಬಂದಾಗ ರಟ್ಟು ಒಂದು ಕಡೆ, ಬೆನ್ನುಪಟ್ಟಿ ಒಂದು ಕಡೆ ಬಿದ್ದಿತ್ತು. ಅಧ್ಯಾಯಗಳು ಮೇಜಿನುದ್ದಕ್ಕೂ ತೋಳು, ಎದೆ, ಬೆನ್ನು, ಕಾಲರುಗಳಂತೆ ಹರಡಿದ್ದವು. ಕೆಳಗೆ ಐದಡಿ ಉದ್ದದ ಕಂದು ಕಾಗದ. ಗಂಡ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಬಗ್ಗಿದ್ದರು.

“ರೀ, ಅದು ಇರೋದೊಂದೇ ಕಾಪಿ ಅಂತ ನೀವೇ ಅಲ್ವಾ ಹೇಳಿದ್ದು?”

ಮೇಷ್ಟ್ರು ಸೂಜಿಗಳನ್ನು ಬಾಯಿಂದ ತೆಗೆದರು. ಆ ಕ್ಷಣದವರೆಗೂ ಅವರಿಗೆ ತಾವು ಏನು ಮಾಡಿದ್ದೇವೆಂಬುದು ಹೊಳೆದಿರಲಿಲ್ಲ. ಹೊಳೆದೊಡನೆ ಹಾಳೆಗಳ ಅಂಚನ್ನೆಲ್ಲ ಸವರಿ ನೋಡಿದರು. ಒಂದು ಪುಟವೂ ಹರಿದಿಲ್ಲ, ಬೇಕಾದರೆ ಎಣಿಸಿ ನೋಡು ಎಂದರು. ಅವಳು ನಿಜಕ್ಕೂ ಎಣಿಸಿದಳು. ನ್ಯಾಯಾಲಯದವರು ಬರೀ ಮಾತನ್ನು ನಂಬುವುದಿಲ್ಲ. ಇನ್ನೂರ ಹದಿನಾಲ್ಕು, ಸರಿಯಾಗಿತ್ತು.

ಅಮ್ಮ ಕೋಲೂರಿಕೊಂಡು ಬಂದು ಬಿಚ್ಚಿದ ದಾರವನ್ನು ಬೆಳಕಿಗೆ ಹಿಡಿದು ನೋಡಿದಳು. ಪುಟಗಳ ಅಂಚಿನಿಂದ ಒಂದೂವರೆ ಇಂಚು ಒಳಕ್ಕೆ ತೂತು ಕೊರೆದು ಬಿಗಿದಿದ್ದರು. “ಯಾವನಪ್ಪ ಇವನು ಹೊಲಿದೋನು? ಇಷ್ಟು ಒಳಗೆ ತಿಂದ್ರೆ ಉಸಿರಾಡೋದು ಹೇಗೆ?” ಎಂದು ಆ ಅಪರಿಚಿತ ಬೈಂಡರನ ಏಳು ತಲೆಮಾರಿನ ಕೈಗುಣವನ್ನು ವಿಚಾರಿಸಿಕೊಂಡಳು.

ಬಿಚ್ಚಿದ್ದು ವ್ಯರ್ಥವಾಗಿರಲಿಲ್ಲ. ಇಡೀ ಪ್ರಬಂಧ ಒಂದೇ ನೋಟಕ್ಕೆ ಸಿಕ್ಕಿದೊಡನೆ ಮೇಷ್ಟ್ರಿಗೆ ಅದರ ಕಟ್ಟಡ ಕಂಡಿತು. ಮೊದಲ ಅಧ್ಯಾಯದಲ್ಲಿ ಕೇಳಿದ ಪ್ರಶ್ನೆಯ ಒಂದೊಂದು ತುದಿಯೂ ಮುಂದೆ ಎಲ್ಲೋ ಒಂದು ಅಧ್ಯಾಯಕ್ಕೆ ಹೋಗಿ ಸೇರುತ್ತಿತ್ತು, ತೋಳು ಹೋಗಿ ಬಗಲಿಗೆ ಸೇರುವಂತೆ. ಕಂದು ಕಾಗದದ ಮೇಲೆ ಗೆರೆ ಎಳೆದರು. ಆಮೇಲೆ ತಮ್ಮ ಹದಿನೇಳು ಪುಸ್ತಕಗಳ ಚೀಟಿ ಮಾಡಿ ಒಂದೊಂದನ್ನೇ ಗುಂಡುಸೂಜಿಯಿಂದ ಚುಚ್ಚಿದರು, ಈ ಸಲ ರಟ್ಟಿನ ಬಣ್ಣ ಬಿಟ್ಟು. ಮೂಳೆ ಡಾಕ್ಟರ ಪುಸ್ತಕ ಮೂಳೆ ಅಳೆದಿತ್ತು, ಮೇಲಿನ ಅಂಗಿಯನ್ನು ಮರೆತಿತ್ತು. ಸಿಪಾಯಿಗಳ ಸಮವಸ್ತ್ರದ ಪುಸ್ತಕ ಅಂಗಿ ಅಳೆದಿತ್ತು, ಒಳಗಿನ ಮನುಷ್ಯನನ್ನು ಮರೆತಿತ್ತು. ಶಾಲೆಯ ಮಕ್ಕಳ ಚೀಲದ ಭಾರ ತೂಗಿದವರು ಮಕ್ಕಳು ದೊಡ್ಡವರಾದ ಮೇಲೆ ಏನಾದರೆಂದು ನೋಡಿರಲಿಲ್ಲ. ಒಬ್ಬರ ಮಾತಿನ ಅಂಚಿಗೆ ಇನ್ನೊಬ್ಬರ ಮಾತಿನ ಅಂಚು ತಂದಿಡುತ್ತಿದ್ದಂತೆ, ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದ ಹದಿನೇಳು ಜನವೂ ಒಟ್ಟಿಗೇ ಮಾತಾಡತೊಡಗಿದರು. ಕೆಲವರು ಜಗಳವನ್ನೇ ತೆಗೆದರು. ಮೇಷ್ಟ್ರಿಗೆ ಎಷ್ಟು ಖುಷಿಯಾಯಿತೆಂದರೆ ಟೀ ಆರಿ ನೀರಾದದ್ದೂ ತಿಳಿಯಲಿಲ್ಲ.

ಹದಿನೆಂಟನೆಯ ಚೀಟಿ ಗೈಡಮ್ಮನ ಪ್ರಬಂಧದ್ದು. ಅದನ್ನು ಎಲ್ಲಿ ಚುಚ್ಚುವುದೆಂದು ನೋಡಲು ನಲವತ್ತೊಂದನೆಯ ಪುಟ ಎತ್ತಿದರು. ಅಳತೆಗಳ ಮೊದಲ ಕೋಷ್ಟಕ ಅಲ್ಲಿತ್ತು. ಅದರ ಎಡ ಅಂಚಿನಲ್ಲಿ, ಹದಿನಾರು ವರ್ಷ ಹೊಲಿಗೆಯೊಳಗೆ ಅವಿತಿದ್ದ ಒಂದೂವರೆ ಇಂಚಿನ ಜಾಗದಲ್ಲಿ, ಪೆನ್ಸಿಲಿನಲ್ಲಿ ಒಂದು ಪದವಿತ್ತು.

ಎಡ?

ಮೇಷ್ಟ್ರು ಮುಂದಿನ ಪುಟಗಳನ್ನು ಎತ್ತಿದರು. ನಲವತ್ತನಾಲ್ಕರಲ್ಲಿ: “ಎಡಭುಜದ ಕಲಂ ಯಾಕೆ ಬಿಟ್ಟೆ?” ಐವತ್ತೆಂಟರಲ್ಲಿ, ಪೆನ್ಸಿಲು ಒತ್ತಿ ಬರೆದದ್ದು: “ಎರಡೂ ಒಂದೇ ಅಲ್ಲ. ಮುನ್ನೂರ ಎಂಬತ್ತನಾಲ್ಕು ಜನರಲ್ಲಿ ಇನ್ನೂರ ತೊಂಬತ್ತೊಂದು ಜನಕ್ಕೆ ವ್ಯತ್ಯಾಸ.” ಅರವತ್ತಮೂರರಲ್ಲಿ, ಸಣ್ಣಗೆ: “ಸರ್ ಬೇಡ ಅಂದರು.” ಆಮೇಲೆ ಕೊನೆಯವರೆಗೂ ಏನೂ ಇಲ್ಲ.

ಕೈಬರಹ ಗೈಡಮ್ಮನದೇ. ಪ್ರಸ್ತಾವನೆಯ ಮೇಲೆ ಕೆಂಪು ಶಾಯಿಯಲ್ಲಿ ಎರಡು ಸಲ ನೋಡಿದ್ದ ಅಕ್ಷರ, ಆದರೆ ಇನ್ನೂ ತೆಳ್ಳಗೆ, ಇನ್ನೂ ಓಡುವ ಕಾಲಿನ ಅಕ್ಷರ. ಕರಡು ಹಾಳೆಗಳನ್ನೇ ತಮ್ಮ ಸ್ವಂತದ ಪ್ರತಿಯಾಗಿ ಹೊಲಿಸಿಟ್ಟುಕೊಂಡಿದ್ದಿರಬೇಕು. ಬೈಂಡರ್ ಪುಣ್ಯಾತ್ಮ ಪ್ರಶ್ನೆಯನ್ನೂ ಸೇರಿಸಿ ಹೊಲಿದುಬಿಟ್ಟಿದ್ದ. ಕೋಷ್ಟಕಗಳಲ್ಲಿ ಬಲಭುಜ ಮಾತ್ರ ಇತ್ತು. ಎರಡೂ ಬೇಕಾದಲ್ಲೆಲ್ಲ ಬಲದ್ದನ್ನೇ ಎರಡರಿಂದ ಗುಣಿಸಿದ್ದರು.

ಮೇಷ್ಟ್ರು ಚೀಟಿಯನ್ನು ಚುಚ್ಚದೆ ಕೆಳಗಿಟ್ಟರು. ಅವರು ಹುಡುಕುತ್ತಿದ್ದ ಅಂತರ ಸಿಕ್ಕಿತ್ತು. ಸಿಕ್ಕಿದ್ದು ಸಹಿ ಹಾಕಬೇಕಾದವರ ಮಡಿಲಲ್ಲಿ.

ಈಗ ಪುಸ್ತಕ ಮತ್ತೆ ಹೊಲಿಯಬೇಕಿತ್ತು. ಹೊಲಿಯಲು ಎರಡು ದಾರಿ. ಹಳೆಯ ತೂತುಗಳಲ್ಲೇ ದಾರ ಹಾಕಿದರೆ ಪೆನ್ಸಿಲ್ ಮತ್ತೆ ಒಳಗೆ ಹೋಗುತ್ತದೆ. ಬಿಚ್ಚಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಕಂದು ಕಾಗದದ ಗೆರೆಗಳನ್ನು ಎರಡು ಪುಟಕ್ಕಿಳಿಸಿ ಸಹಿ ಹಾಕಿಸಿಕೊಂಡರೆ ಮುಗಿಯಿತು. ತೀರಾ ಅಂಚಿನಲ್ಲಿ ಹೊಸ ತೂತು ಹಾಕಿದರೆ ಪುಸ್ತಕ ಅಂಗೈ ಮೇಲೆ ಚಪ್ಪಟೆಯಾಗಿ ತೆರೆಯುತ್ತದೆ, ಪೆನ್ಸಿಲು ಕಾಣುತ್ತದೆ.

“ಹಳೇ ತೂತಲ್ಲೇ ಹೊಲಿದ್ರೆ ಏನು ತಪ್ಪು?” ಎಂದರು ಮೇಷ್ಟ್ರು, ಗಾಳಿಯನ್ನು ಕೇಳುವವರ ಹಾಗೆ.

“ತಪ್ಪೇನಿಲ್ಲ. ನಮ್ಮಲ್ಲಿ ಅದಕ್ಕೆ ಸಾಕ್ಷ್ಯ ಮುಚ್ಚಿಡೋದು ಅಂತಾರೆ ಅಷ್ಟೆ,” ಎಂದಳು ಪೆನ್ಸಿಲಿನ ಸಾಲುಗಳನ್ನು ಆಗಲೇ ಓದಿದ್ದ ಹೆಂಡತಿ, ಬಟ್ಟೆ ಮಡಿಸುತ್ತ. ಸ್ವಲ್ಪ ಹೊತ್ತಿನ ಮೇಲೆ ತಾನೇ, “ಆದ್ರೆ ಸಹಿ ಬೇಕಲ್ಲ ನಿಮಗೆ,” ಎಂದಳು. ಹೀಗೆ ಎರಡೂ ಪಕ್ಷದ ವಾದವನ್ನು ಒಬ್ಬಳೇ ಮಂಡಿಸಿ ಗಂಡನನ್ನು ನಡುವೆ ನಿಲ್ಲಿಸಿ ಹೋಗುವುದರಲ್ಲಿ ಅವಳದು ಎತ್ತಿದ ಕೈ.

ತೀರ್ಪು ಕೊಟ್ಟದ್ದು ಅಮ್ಮ. ಅವಳಿಗೆ ಪೆನ್ಸಿಲಿನ ಸಂಗತಿ ಗೊತ್ತೇ ಇರಲಿಲ್ಲ. ದಾರಕ್ಕೆ ಮೇಣ ತೀಡುತ್ತ ಕೂತಿದ್ದವಳು, ಮಗ ಹಳೆಯ ತೂತಿಗೆ ಸೂಜಿ ಹಿಡಿದದ್ದನ್ನು ನೋಡಿ, “ಮತ್ತೆ ಅಲ್ಲೇನಾ? ಕೆಟ್ಟ ಹೊಲಿಗೇನ ಬಿಚ್ಚಿ ಅದೇ ಕೆಟ್ಟ ಹೊಲಿಗೆ ಹಾಕೋಕೆ ನಾನು ನಿಂಗೆ ಕಲಿಸಿದ್ದಾ?” ಎಂದಳು.

ಮೇಷ್ಟ್ರು ಸೂಜಿಯನ್ನು ಅಂಚಿಗೆ ಸರಿಸಿದರು.

ಸೋಮವಾರ ಗೈಡಮ್ಮನ ಕೋಣೆಗೆ ಹೋಗುವಾಗ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ, ಸುರುಳಿ ಮಾಡಿದ ಕಂದು ಕಾಗದವನ್ನು ಬಗಲಲ್ಲಿ ಇಟ್ಟುಕೊಂಡಿದ್ದರು. ದಾರಿಯಲ್ಲಿ ಅಂದು ಒಬ್ಬರ ಭುಜವನ್ನೂ ನೋಡಲಿಲ್ಲ. ಬಸ್ಸು ಸಲೀಸಾಗಿ ಸಿಕ್ಕಿತು.

ಗೈಡಮ್ಮ ಪುಸ್ತಕ ತೆಗೆದುಕೊಂಡು ಅಭ್ಯಾಸದಿಂದ ಮಧ್ಯಕ್ಕೆ ತೆರೆದರು. ಅದು ಮೇಜಿನ ಮೇಲೆ ಬೆಕ್ಕಿನ ಹಾಗೆ ಚಪ್ಪಟೆ ಮಲಗಿತು. ಅವರು ಬೆನ್ನು ತಿರುಗಿಸಿ ಹೊಲಿಗೆ ನೋಡಿದರು. ಮೇಷ್ಟ್ರನ್ನು ನೋಡಿದರು.

“ಬಿಚ್ಚಿದ್ರಾ?”

“ಬಿಚ್ಚಿದೆ ಮೇಡಂ. ನಮ್ಮಲ್ಲಿ ಕಲಿಯೋದು ಹಾಗೇನೇ. ಒಂದು ಪುಟಾನೂ ಹೋಗಿಲ್ಲ.”

“ಯಾರನ್ನ ಕೇಳಿ?”

ಬಿಚ್ಚುವ ಮೊದಲು ಕೋಟಿನವರನ್ನು ಕೇಳಬೇಕೆಂಬುದು ಆ ಮನೆಯ ಪಾಠದಲ್ಲಿ ಯಾವತ್ತೂ ಬಂದಿರಲಿಲ್ಲ, ಪಾಠಕ್ಕೆ ಬರುವ ಕೋಟುಗಳೆಲ್ಲ ಒಡೆಯರು ಬಿಟ್ಟುಕೊಟ್ಟವು. ಮೇಷ್ಟ್ರು ತಲೆ ತಗ್ಗಿಸಿದರು. ಗೈಡಮ್ಮ ಸಿಟ್ಟಿನಿಂದ ಪುಟ ಮಗುಚತೊಡಗಿದರು, ಏನಾದರೂ ಹರಿದಿದ್ದು ಸಿಗಲೆಂದೋ ಏನೋ. ನಲವತ್ತೊಂದಕ್ಕೆ ಬಂದು ಕೈ ನಿಂತಿತು. ನಲವತ್ತನಾಲ್ಕು. ಐವತ್ತೆಂಟರಲ್ಲಿ ಬೆರಳು ಪೆನ್ಸಿಲಿನ ಮೇಲೆ ಹೋಯಿತು. ಅರವತ್ತಮೂರನ್ನು ಅವರು ಓದಿದರೋ ಇಲ್ಲವೋ, ಪುಸ್ತಕ ಮುಚ್ಚಿದರು.

“ನೀವು ಹೋಗಿ ಮೇಷ್ಟ್ರೇ,” ಎಂದರು. ಸಿಟ್ಟು ಇಳಿದಿತ್ತು. ಅದರ ಜಾಗದಲ್ಲಿ ಬಂದದ್ದು ಏನೆಂದು ಮೇಷ್ಟ್ರಿಗೆ ತಿಳಿಯಲಿಲ್ಲ. ಕಂದು ಕಾಗದದ ಸುರುಳಿ ಬಿಚ್ಚದೆಯೇ ಮನೆಗೆ ಬಂತು.

ಮಂಗಳವಾರ ಕೋಣೆಗೆ ಬೀಗ. ಬುಧವಾರ ಬೀಗ. ಗುರುವಾರ ಬಾಗಿಲು ತೆರೆದಿತ್ತು, ಕಸ ಗುಡಿಸುವವರು ಇದ್ದರು; ಮೇಡಂ ಎರಡು ದಿನದಿಂದ ಮನೆಯಲ್ಲೇ ಏನೋ ಹುಡುಕುತ್ತಿದ್ದಾರಂತೆ ಎಂದರು. ಮೇಷ್ಟ್ರು ಹೆಂಡತಿಯಿಂದ ಎರಡು ಪುಟ ಬೆರಳಚ್ಚು ಮಾಡಿಸಿಟ್ಟುಕೊಂಡಿದ್ದರು. ಐದಡಿಯ ಕಾಗದವನ್ನು ಎರಡು ಪುಟಕ್ಕೆ ಇಳಿಸುವಾಗ ಗಂಡಹೆಂಡಿರ ನಡುವೆ ನಡೆದ ಚೌಕಾಸಿಯನ್ನು ಇಲ್ಲಿ ವಿವರಿಸುವುದು ಬೇಡ, ಅವಳು ಪ್ರತಿ ವಾಕ್ಯಕ್ಕೂ, “ಇದು ಪ್ರಶ್ನೆನೋ ಹೇಳಿಕೆನೋ?” ಎಂದು ಅಡ್ಡ ಪರೀಕ್ಷೆ ಮಾಡಿದಳೆಂದರೆ ಸಾಕು. ಒಂದು ಕಡೆ ಮಾತ್ರ ಮೇಷ್ಟ್ರು ಹಟ ಹಿಡಿದರು. ಗೈಡಮ್ಮನ ಪ್ರಬಂಧದ ಸಾಲಿನಲ್ಲಿ, “ಈ ಕ್ಷೇತ್ರದ ಅಮೂಲ್ಯ ಕೃತಿ” ಎಂದಷ್ಟೇ ಬರೆಸಿದರು. ಹೆಂಡತಿ ಕಣ್ಣು ಮೇಲೆತ್ತಿ ನೋಡಿದಳು. “ಹತ್ತಿ ಇಟ್ಟೆ ಬಿಡು,” ಎಂದರು ಮೇಷ್ಟ್ರು.

ಶುಕ್ರವಾರ ಮೂರು ಗಂಟೆಗೆ ಅವರು ಸಂಸ್ಥೆಯ ಕತ್ತರಿಸುವ ಕೋಣೆಯಲ್ಲಿ ತರಗತಿ ಮುಗಿಸಿ, ಚೂರುಗಳನ್ನು ಗುಡ್ಡೆ ಮಾಡುತ್ತಿದ್ದರು. ಗೈಡಮ್ಮ ಬಾಗಿಲಲ್ಲಿ ಬಂದು ನಿಂತರು. ಎಡಭುಜದಲ್ಲಿ ಎಂದಿನ ಚೀಲ, ಕೈಯಲ್ಲಿ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ. ಡಬ್ಬಿಯನ್ನು ಕತ್ತರಿಸುವ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು. ಒಳಗೆ ದಾರ ಕಟ್ಟಿದ ಅಳತೆ ಚೀಟಿಗಳ ಕಂತೆಗಳು, ಹಳದಿಯಾಗಿದ್ದವು. ಒಂದನ್ನು ತೆಗೆದು ಕೊಟ್ಟರು. ಬಲಭುಜ, ಎಡಭುಜ, ಎರಡು ಕಲಮಿನಲ್ಲೂ ಅಂಕಿಯಿತ್ತು. ಕೆಳಗೆ ಒಂದು ಗೆರೆ: ಕೆಲಸ, ಕುಲುಮೆ. ಕೆಲಸಕ್ಕೆ ಸೇರಿ, ನಾಲ್ಕು ದಿನ.

ಮೇಷ್ಟ್ರು ಅದನ್ನು ಎರಡು ಸಲ ಓದಿದರು. ಇನ್ನೊಂದು ಚೀಟಿ ತೆಗೆದರು: ಅದೇ ಕುಲುಮೆ, ಹತ್ತೊಂಬತ್ತು ವರ್ಷ. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಕೆಲಸ ಮೊದಲೋ ಭುಜ ಮೊದಲೋ ಎಂದು ಹೇಳಬಲ್ಲ ಸಾಕ್ಷಿಗಳು ಹದಿನಾರು ವರ್ಷದಿಂದ ಬಿಸ್ಕತ್ತಿನ ಡಬ್ಬಿಯಲ್ಲಿ ಕೂತಿದ್ದವು.

“ಎಡ ಯಾಕೆ ಬಿಟ್ಟೆ ಅಂತ ನಾನೇ ಕೇಳಿಕೊಂಡಿದ್ದೆ ಅನ್ನೋದೂ ಮರೆತು ಹೋಗಿತ್ತು ಮೇಷ್ಟ್ರೇ,” ಎಂದರು ಗೈಡಮ್ಮ. “ನನ್ನ ಗೈಡು ಬೇಡ ಅಂದ್ರು, ಸುಮ್ಮನಾದೆ. ಆಮೇಲೆ ಎರಡೂ ಒಂದೇ ಅಂತ ನಾನೇ ಪಾಠ ಮಾಡ್ಕೊಂಡು ಬಂದೆ. ಕೊಡಿ ನಿಮ್ಮ ಪ್ರಸ್ತಾವನೆ.”

ನಿಂತುಕೊಂಡೇ ಓದಿದರು. ಮೇಷ್ಟ್ರು ಗೋಡೆಯ ಗಡಿಯಾರ ನೋಡಿದರು. ಮೂರೂ ಇಪ್ಪತ್ತು. ಕಚೇರಿಗೆ ಒಂದು ಗಂಟೆಯ ದಾರಿ, ಬಸ್ಸು ಗಂಟೆಗೊಂದು. ಗೈಡಮ್ಮ ಮೊದಲ ಪುಟ ಮುಗಿಸಿದರು, ಒಂದು ಸಲ ತಲೆಯಾಡಿಸಿದರು. ಎರಡನೆಯ ಪುಟದ ಮಧ್ಯದಲ್ಲಿ ನಿಂತರು.

“ಇದು ಹೊರಗಡೆ ಹೋಗಲ್ಲ.”

ಮೇಷ್ಟ್ರು ಮತ್ತೆ ಗಡಿಯಾರ ನೋಡಿದರು.

“ಎಲ್ಲರಿಗೂ ಏನು ನೋಡಿದ್ರು, ಏನು ನೋಡ್ಲಿಲ್ಲ ಅಂತ ಬರೆದಿದೀರಿ. ನನಗೆ ಮಾತ್ರ ಅಮೂಲ್ಯ ಕೃತಿ. ನಾನೇನು ತೀರಿಕೊಂಡಿದೀನಾ?” ಸಾಲನ್ನು ಪೆನ್ನಿನಿಂದ ಹೊಡೆದು ಹಾಕಿದರು. “ಬಿಚ್ಚಿ ನೋಡೋ ಧೈರ್ಯ ಇತ್ತು. ಬರೆಯೋಕಿಲ್ವಾ?”

“ನೀವೇ ಸಹಿ ಹಾಕ್ಬೇಕಲ್ಲ ಮೇಡಂ, ಅದಕ್ಕೆ...”

“ಅದಕ್ಕೇ ಬರೀರಿ. ಬರೆಯದೆ ಸಹಿ ಇಲ್ಲ.”

ಮೇಷ್ಟ್ರು ಪೆನ್ನು ತೆಗೆದುಕೊಂಡರು. ಮೂವತ್ತೊಂದು ವರ್ಷದಲ್ಲಿ ಯಾವ ಗಿರಾಕಿಗೂ ಎದುರಿಗೆ ನಿಂತು ಹೇಳದ ಮಾತು. ಕೈ ಎರಡು ಸಲ ಕಾಗದದ ತನಕ ಹೋಗಿ ಹಿಂದೆ ಬಂತು. ಕತ್ತರಿ ಹಾಕುವ ಮುನ್ನ ಉಸಿರು ಬಿಗಿಹಿಡಿಯುವ ಹಾಗೆ ಬಿಗಿಹಿಡಿದು ಬರೆದರು: ಈ ಅಧ್ಯಯನ ಮುನ್ನೂರ ಎಂಬತ್ತನಾಲ್ಕು ಜನರ ಎರಡೂ ಭುಜ ಅಳೆದು, ಎಡಭುಜವನ್ನು ಲೆಕ್ಕದಿಂದ ಬಿಟ್ಟಿದೆ. ಪ್ರಸ್ತುತ ಸಂಶೋಧನೆ ಬಿಟ್ಟ ಆ ಕಲಮಿನಿಂದ ಶುರುವಾಗುತ್ತದೆ.

ಗೈಡಮ್ಮ ಓದಿದರು. ‘ಬಿಟ್ಟಿದೆ’ ಎಂಬುದರ ಮುಂದೆ ತಾವೇ, ‘ಕಾರಣ ನೀಡಿಲ್ಲ’ ಎಂದು ಸೇರಿಸಿದರು. ಚೂರುಗಳನ್ನು ಮೊಣಕೈಯಿಂದ ಸರಿಸಿ, ಕತ್ತರಿಸುವ ಮೇಜಿನ ಮೇಲೆ ಬಗ್ಗಿ ಸಹಿ ಹಾಕಿದರು. ಬಗ್ಗಿದಾಗ ಚೀಲ ಜಾರಿತು, ಅವರು ಎಡಭುಜ ಕುಣಿಸಿ ಅದನ್ನು ಮೇಲಕ್ಕೆಳೆದುಕೊಂಡರು.

ಪೆನ್ನಿನ ಮುಚ್ಚಳ ಹಾಕುತ್ತ ಅವರು ಕೇಳಿದರು: “ನನ್ನದೆಷ್ಟು? ನೀವು ನೋಡಿರ್ತೀರಿ.”

“ಅರ್ಧ ಇಂಚು ಮೇಡಂ. ಎಡ.”

“ಯಾವಾಗ ನೋಡಿದ್ರಿ?”

“ಮೊದಲ ದಿನವೇ.”

ಗೈಡಮ್ಮ ನಕ್ಕರೋ ಇಲ್ಲವೋ ಎಂದು ನೋಡಲು ಮೇಷ್ಟ್ರಿಗೆ ಪುರುಸೊತ್ತಿರಲಿಲ್ಲ. ಕಾಗದ ಜೇಬಿಗೆ ಹಾಕಿ, ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಕೊರಳ ಟೇಪಿನ ಸಮೇತ ಬಸ್ಸು ನಿಲ್ದಾಣಕ್ಕೆ ಓಡಿದರು. ಬಸ್ಸು ಬರಲು ಐದು ನಿಮಿಷವಿತ್ತು. ರಸ್ತೆಯ ಆಚೆ ಬದಿಯಲ್ಲಿ ಗೈಡಮ್ಮ ನಡೆದು ಹೋಗುತ್ತಿದ್ದರು. ಮೂಲೆಯಲ್ಲಿ ಒಂದು ಕ್ಷಣ ನಿಂತು, ಚೀಲವನ್ನು ಎಡಭುಜದಿಂದ ತೆಗೆದು ಬಲಭುಜಕ್ಕೆ ಹಾಕಿಕೊಂಡು ಮುಂದೆ ಹೋದರು.

ಹೀಗೆ ಹಾಕಿಕೊಂಡರೆ ಅರ್ಧ ಇಂಚು ಸಮವಾಗಲು ಎಷ್ಟು ವರ್ಷ ಬೇಕು? ಇದು ಯಾವ ಅಧ್ಯಾಯದಲ್ಲಿ ಬರಬೇಕು, ಮೂರನೆಯದರಲ್ಲೋ ನಾಲ್ಕನೆಯದರಲ್ಲೋ? ಮೇಷ್ಟ್ರು ಮೂಲೆಯನ್ನೇ ನೋಡುತ್ತ ಯೋಚಿಸತೊಡಗಿದರು. ಬಸ್ಸು ಬಂತು, ನಿಂತಿತು, ಹೊರಟೇಬಿಡುತ್ತಿತ್ತು. ಜೇಬಿನ ಕಾಗದ ನೆನಪಾಗಿ, ಅವರು ಜೀವನದಲ್ಲಿ ಮೊದಲ ಸಲ ಚಲಿಸುವ ಬಸ್ಸಿಗೆ ಜಿಗಿದು ಹತ್ತಿದರು. ಕೈ ಹಿಡಿದು ಒಳಗೆಳೆದುಕೊಂಡ ಕಂಡಕ್ಟರು ಬೈಯುತ್ತಿದ್ದರು. ಅವರ ಬಲಭುಜ ಮುಕ್ಕಾಲು ಇಂಚು ಮೇಲಿತ್ತು. ಕೆಲಸಕ್ಕೆ ಸೇರಿ ಎಷ್ಟು ದಿನವಾಯಿತು ಎಂದು ಮೇಷ್ಟ್ರು ಕೇಳಿಯೇ ಬಿಟ್ಟರು.